ಏರುದಾರಿಗೆ ತಕ್ಕ ಹಲ್ಲುಚಕ್ರ

ಮುಂಭಾಗದಲ್ಲಿ ಒಂದೇ ಹಲ್ಲುಚಕ್ರವುಳ್ಳ ಮೌಂಟನ್ ಬೈಕಿಗೆ ಎಷ್ಟು ಹಲ್ಲಿನದು ಯುಕ್ತವೆಂಬ ಪ್ರಶ್ನೆಗೆ, ಸವಾರನ ಅಭಿಮಾನಕ್ಕಿಂತ ಅವನು ತುಳಿಯುವ ನೆಲವೇ ಸಮರ್ಪಕವಾದ ಉತ್ತರವನ್ನು ಕೊಡಬಲ್ಲುದು. ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ಡಾಂಬರು ರಸ್ತೆಯಲ್ಲಿ 34 ಹಲ್ಲಿನ ಚಕ್ರವೂ ಭಾರವೆನಿಸದು. ಆದರೆ ಕೋಲಾರದ ಶತಶೃಂಗ ಪರ್ವತದ ಕಲ್ಲುದಾರಿಯನ್ನೇರಬಯಸುವವನಿಗೆ 30 ಹಲ್ಲಿನದೇ ಹಿತಕರವೆಂದು ನನ್ನ ದೃಢವಾದ ಅಭಿಪ್ರಾಯ. ಹಿಂಬದಿಯ ಅತಿದೊಡ್ಡ ಚಕ್ರಕ್ಕೆ 51 ಹಲ್ಲುಗಳಿದ್ದು, ಗಾಲಿಯ ಸುತ್ತಳತೆ ಸುಮಾರು 2.3 ಮೀಟರಾಗಿರುವಲ್ಲಿ, ಪೆಡಲಿನ ಒಂದು ಸುತ್ತಿಗೆ 34 ಹಲ್ಲಿನದು 1.53 ಮೀಟರು ಮುಂದೊಯ್ದರೆ 30 ಹಲ್ಲಿನದು 1.35 ಮೀಟರು ಮಾತ್ರ ಒಯ್ಯುವುದು. ತುಳಿತ ಅಷ್ಟರಮಟ್ಟಿಗೆ ಹಗುರಾಗಿ, ಕಾಲಿನ ಲಯ ಕೆಡದಿರುವುದು. ನಷ್ಟವಾಗುವುದು ವೇಗ. ಆದರೂ ಹಿಂದಿನ ಅತಿಚಿಕ್ಕ ಚಕ್ರ 10 ಹಲ್ಲಿನದಾದರೆ, ನಿಮಿಷಕ್ಕೆ 90 ಸುತ್ತು ತುಳಿಯುವವನಿಗೆ ಗಂಟೆಗೆ 37 ಕಿಲೋಮೀಟರು ಲಭಿಸುವುದು; ಬೆಟ್ಟದ ಸವಾರನಿಗೆ ಅಷ್ಟು ಸಾಲದೇ?



ಹೊಸ ಚಕ್ರವನ್ನು ಕೊಳ್ಳುವ ಮುನ್ನ ಅದು ಕ್ರ್ಯಾಂಕಿಗೆ ಕೂಡುವ ರೀತಿಯನ್ನೂ, ಚೈನಿನ ಉದ್ದವನ್ನೂ ಪರಿಶೀಲಿಸತಕ್ಕದ್ದು.