ಕಾದ ಪಾತ್ರೆಯ ಉಪ್ಪಿನ ಸದ್ದು

ನ್ಯುಮೋನಿಯಾ ಬಂದವರ ಮಂಚದ ಪಕ್ಕ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮೂಗಿನ ಹೊಳ್ಳೆಗಳು. ಪ್ರತಿ ಉಸಿರಿಗೂ ಅರಳುತ್ತವೆ, ಕುಗ್ಗುತ್ತವೆ. ಕೆಮ್ಮು ಬಂದಾಗ ಕೈ ತಾನಾಗಿ ಪಕ್ಕೆಗೆ ಹೋಗುತ್ತದೆ. ಬಟ್ಟಲಿಗೆ ಉಗಿದ ಕಫಕ್ಕೆ ಕಬ್ಬಿಣದ ತುಕ್ಕಿನ ಬಣ್ಣ, ಹಾಸಿಗೆಗೆ ಬೆವರಿ ಒಣಗಿ ಮತ್ತೆ ಬೆವರಿದ ವಾಸನೆ. ಇಂಥ ಮಂಚಗಳ ನಡುವೆ ಓಡಾಡುತ್ತಿದ್ದ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯ ವೈದ್ಯ ರೆನೆ ಲೆನೆಕ್, 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯೊಬ್ಬಳ ಎದೆಗೆ ಇಟ್ಟು ಕಿವಿಗೊಟ್ಟರು. ಕಾಗದ ಮುಂದೆ ಮರದ ಕೊಳವೆಯಾಯಿತು, ಸ್ಟೆತಾಸ್ಕೋಪ್ ಎಂಬ ಹೆಸರೂ ಬಂತು.

ಅದನ್ನು ಹಿಡಿದು ನಾವೂ ಬಾಗಿ ಕೇಳೋಣ. ಕಾಯಿಲೆಯ ಶುರುವಿನಲ್ಲಿ ಉಸಿರು ಒಳಗೆಳೆದಾಗಲೆಲ್ಲ ಸಣ್ಣಗೆ ಚಟಪಟ. ಕಾದ ಪಾತ್ರೆಯಲ್ಲಿ ಉಪ್ಪು ಸಿಡಿಯುವ ಸದ್ದು ಎಂದರು ಲೆನೆಕ್. ಒಂದೆರಡು ದಿನಕ್ಕೆ ಅದೂ ನಿಂತುಹೋಗುತ್ತದೆ. ಎದೆಯನ್ನು ಬೆರಳಿನಿಂದ ತಟ್ಟಿದರೆ ಮಂದವಾದ, ಟೊಳ್ಳಿಲ್ಲದ ದನಿ. ಆ ಹಂತದಲ್ಲಿ ತೀರಿಕೊಂಡವರ ಶ್ವಾಸಕೋಶದ ತುಂಡೊಂದನ್ನು ನೀರಿಗೆ ಹಾಕಿದರೆ ಮುಳುಗುತ್ತದೆ, ತೇಲಿಸಲು ಒಳಗೆ ಗಾಳಿಯೇ ಉಳಿದಿರುವುದಿಲ್ಲ. ಬದುಕುವ ಅದೃಷ್ಟವಿದ್ದವರಿಗೆ, ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ, ಒಂದು ವಾರದ ಹೊತ್ತಿಗೆ ಧಾರಾಕಾರ ಬೆವರಿ ಜ್ವರ ಇಳಿಯುತ್ತಿತ್ತು. ಆಮೇಲೆ, ನಿಂತಿದ್ದ ಚಟಪಟ ಮತ್ತೆ ಕೇಳಿಸುತ್ತಿತ್ತು. ಮರಳಿ ಬಂದ ಆ ಸದ್ದು ಗುಣವಾಗುತ್ತಿರುವುದರ ಗುರುತು ಎಂದು ಲೆನೆಕ್ ಕಂಡುಕೊಂಡರು. ಅವರ ಸ್ವಂತ ಶ್ವಾಸಕೋಶಕ್ಕೆ ಆ ಭಾಗ್ಯ ಸಿಗಲಿಲ್ಲ. 1826ರಲ್ಲಿ ಕ್ಷಯ ಅವರನ್ನು ಒಯ್ದಿತು.

ಮರಳಿ ಬಂದ ಆ ಸದ್ದಿನ ಹಿಂದೆ ನಡೆಯುತ್ತಿರುವ ಕೆಲಸ ನೋಡಬೇಕಾದರೆ ಶ್ವಾಸಕೋಶದ ಗಾಳಿಗೂಡಿನೊಳಗೇ ಇಳಿಯಬೇಕು. ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟು ಅಗಲದ, ಸದಾ ತೇವವಾಗಿರುವ ಪುಟ್ಟ ಕೋಣೆ. ಇಂಥವು ಒಬ್ಬರ ಎದೆಯಲ್ಲಿ ಸುಮಾರು 48 ಕೋಟಿ. ಗೋಡೆಯಾಚೆ ರಕ್ತ ಹರಿಯುತ್ತಿದೆ, ನಡುವಿನ ಪೊರೆ ಎಷ್ಟು ತೆಳುವೆಂದರೆ ಆಮ್ಲಜನಕ ಕ್ಷಣದೊಳಗೆ ದಾಟುತ್ತದೆ. ಈಗ ಈ ಕೋಣೆ ತುಂಬಿದೆ: ಸೋರಿದ ನೀರು, ಹೆಪ್ಪುಗಟ್ಟಿದ ಫೈಬ್ರಿನ್ ಎಳೆಗಳು, ಬ್ಯಾಕ್ಟೀರಿಯಾದ ಮೇಲೆ ಬೀಳಲು ರಕ್ತದಿಂದ ನುಗ್ಗಿ ಬಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ರಾಶಿ. ಬ್ಯಾಕ್ಟೀರಿಯಾ ಸೋತಿವೆ, ನಿಜ. ಆದರೆ ಈ ಕಣಗಳ ಆಯುಸ್ಸು ತೀರಾ ಕಡಿಮೆ. ಸತ್ತು ಒಡೆದರೆ ಅವುಗಳ ಹೊಟ್ಟೆಯಲ್ಲಿರುವ ಕಿಣ್ವಗಳು ಗಾಳಿಗೂಡಿನ ಗೋಡೆಯನ್ನೇ ಕರಗಿಸಬಲ್ಲವು. ನನಗೆ ಗೆಲುವಿಗಿಂತ ಹೆಚ್ಚು ಮುಖ್ಯವೆನಿಸುವ ಗಳಿಗೆ ಇದು.

ಆದರೆ ಆಯುಸ್ಸು ಮುಗಿದು ಸಾಯುವ ಜೀವಕೋಶ ಸಾಮಾನ್ಯವಾಗಿ ಸುಮ್ಮನೆ ಒಡೆಯುವುದಿಲ್ಲ. ಕುಗ್ಗುತ್ತದೆ, ತನ್ನ ಪೊರೆಯ ಒಳಮೈಯಲ್ಲಿದ್ದ ಫಾಸ್ಫಟೈಡಿಲ್‌ಸೆರೀನ್ ಎಂಬ ಕೊಬ್ಬನ್ನು ಹೊರಮೈಗೆ ತಂದು ತೋರಿಸುತ್ತದೆ. ಸತ್ತ ಕಣಗಳನ್ನು ನುಂಗುವ ಭಕ್ಷಕಕೋಶಗಳು ಈ ಗುರುತು ಹಿಡಿಯುತ್ತವೆ ಎಂಬುದು 1992ರಲ್ಲಿ ಪ್ರಯೋಗದಿಂದ ತಿಳಿಯಿತು. ಜೀವವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ಮೆಸ್ಸಿನಾದ ಕಡಲ ಬದಿಯಲ್ಲಿ, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಆ ಮುಳ್ಳನ್ನು ಮುತ್ತಿಕೊಂಡ ಇಂಥವೇ ಅಲೆಮಾರಿ ಕೋಶಗಳನ್ನು ನೋಡಿದ್ದರು. ಗಾಳಿಗೂಡಿನ ಭಕ್ಷಕಕೋಶ ತೆವಳಿ ಬರುತ್ತದೆ, ಸಾಯುತ್ತಿರುವ ಕಣವನ್ನು ಇಡಿಯಾಗಿ ಒಳಗೆ ತೆಗೆದುಕೊಳ್ಳುತ್ತದೆ, ಒಂದು ಹನಿ ಕಿಣ್ವವೂ ಹೊರಗೆ ಚೆಲ್ಲದಂತೆ ಅರಗಿಸುತ್ತದೆ. ಉಂಡ ಮೇಲೆ ಅದರ ಸ್ವಭಾವವೇ ಬದಲು: ಉರಿಯೂತ ಸಾಕು ಎನ್ನುವ ರಾಸಾಯನಿಕಗಳನ್ನು ಸುತ್ತ ಬಿಡುತ್ತದೆ. ಹೊಸ ನ್ಯೂಟ್ರೋಫಿಲ್‌ಗಳ ಬರವು ತಗ್ಗುತ್ತದೆ. ಇತ್ತ ಗೋಡೆಯ ಮೂಲೆಗಳಲ್ಲಿ ಕೂತಿರುವ ಗುಂಡಗಿನ ಎರಡನೇ ಬಗೆಯ ಕೋಶಗಳು ಇಬ್ಭಾಗವಾಗಿ, ಚಪ್ಪಟೆಯಾಗಿ ಹರಡಿ, ಬರಿದಾದ ಜಾಗವನ್ನು ಮುಚ್ಚುತ್ತವೆ. ಗೂಡು ಕುಸಿಯದಂತೆ ಹಿಡಿಯುವ ಜಿಡ್ಡನ್ನು ಒಸರುವವೂ ಇವೇ. ಇಷ್ಟೆಲ್ಲ ನಡೆಯುವಾಗಲೂ ಉಸಿರಾಟಕ್ಕೆ ಬಿಡುವಿಲ್ಲ. ಈ ಕೋಶಗಳು ಕೂರುವ ತಳಪೊರೆ ಹರಿಯದೆ ಉಳಿದಿದ್ದರೆ ಕಲೆಯೂ ಇಲ್ಲದೆ ಮೊದಲಿನಂತಾಗುತ್ತದೆ. ಹರಿದಿದ್ದರೆ ಅಲ್ಲಿ ನಾರು ಬೆಳೆದು ಬಿಗಿಯುತ್ತದೆ.

ಸಿಗರೇಟಿನ ಹೊಗೆ ಈ ಭಕ್ಷಕಕೋಶಗಳ ನುಂಗುವ ಶಕ್ತಿಯನ್ನೇ ಕುಂದಿಸುತ್ತದೆ. ಇದು ನನ್ನನ್ನು ಬಹಳ ಕಾಡುವ ಸಂಗತಿ, ಏಕೆಂದರೆ ಸೇದುವವರಿಗೆ ಕೆಮ್ಮು ಗೊತ್ತು, ಇದು ಗೊತ್ತಾಗುವುದಿಲ್ಲ.

ಜ್ವರ ಬಿಟ್ಟ ಮೂರನೇ ದಿನಕ್ಕೇ ಕೆಲಸಕ್ಕೆ ಹೊರಡುವವರಿದ್ದಾರೆ. ಅವರ ಎಕ್ಸ್‌ರೇಯಲ್ಲಿ ಬಿಳಿ ಮಬ್ಬು ಇನ್ನೂ ಹಾಗೇ ಇರುತ್ತದೆ. ಅದು ತಿಳಿಯಾಗಲು ಎಷ್ಟೋ ಜನಕ್ಕೆ ಆರು ವಾರ ಬೇಕು, ವಯಸ್ಸಾದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ತಡ. ಅಂಥವರಿಗೆ ವೈದ್ಯರು ಮತ್ತೊಮ್ಮೆ ಎಕ್ಸ್‌ರೇ ತೆಗೆಸುತ್ತಾರೆ, ಆ ಮಬ್ಬಿನ ಹಿಂದೆ ಗಡ್ಡೆಯೇನಾದರೂ ಇದೆಯೇ ಎಂದು ನೋಡಲು.