ಬೆಲೆಬಾಳುವ ಗಾಡಿಯ ಮೇವಿನ ಲೆಕ್ಕ

ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟವೆಂಬುದು ಹಿರಿಯರ ಅನುಭವ. ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು. ಮೇವಿನ ಲೆಕ್ಕವಾದರೋ ದಿನ ಬೆಳಗಾದರೆ ಎದುರಿಗೆ ನಿಲ್ಲುತ್ತದೆ. ಇಂದಿನ ನಗರದ ಬೀದಿಗಳಲ್ಲಿ ಆನೆಯ ಗಾಂಭೀರ್ಯವನ್ನು ತಾಳಿ ಸಾಗುವುದು ಎಸ್‌ಯುವಿ ಎಂಬ ಎತ್ತರದ ಮೋಟಾರು ಗಾಡಿ. ಅದರಲ್ಲಿಯೂ ವೈಭವದ ವರ್ಗಕ್ಕೆ ಸೇರಿದ ಗಾಡಿಯ ತೂಕ ಸುಮಾರು ಎರಡು ಟನ್ನು. ಇಷ್ಟು ಭಾರವನ್ನು ಹೊತ್ತೂ ಪೆಟ್ರೋಲನ್ನು ಮಿತವಾಗಿ ಕುಡಿಯುತ್ತದೆಂಬ ಕೀರ್ತಿ ಹೈಬ್ರಿಡ್ ಯಂತ್ರವುಳ್ಳ ಗಾಡಿಗಳಿಗೆ ಬಂದಿದೆ. ಆ ಕೀರ್ತಿ ಎಷ್ಟರಮಟ್ಟಿಗೆ ನಿಜ? ಮಾರಾಟದ ಹೊತ್ತಗೆಯಲ್ಲಿ ಅಚ್ಚಾದ ಅಂಕಿ ರಸ್ತೆಗಿಳಿದ ಮೇಲೂ ಉಳಿಯುತ್ತದೆಯೆ? ಕಂತು ಕಟ್ಟಿ ಗಾಡಿ ಕೊಳ್ಳಲು ಹೊರಟ ಸಂಸಾರಕ್ಕೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ತಿಂಗಳ ಖರ್ಚಿನ ಪ್ರಶ್ನೆ.

ಈ ಪ್ರಶ್ನೆಯನ್ನು ಒರೆಗೆ ಹಚ್ಚುವುದಕ್ಕೆ ಬೆಂಗಳೂರು–ಕನಕಪುರ ರಸ್ತೆಯ ಮೇಲಿರುವ ಹಾರೋಹಳ್ಳಿ ಹೇಳಿಮಾಡಿಸಿದಂಥ ಊರು. ಸರ್ಕಾರ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರಿಟ್ಟ ಹಳೆಯ ರಾಮನಗರ ಜಿಲ್ಲೆಗೆ ಸೇರಿದ ಈ ಊರಿನಲ್ಲಿ ದೊಡ್ಡದೊಂದು ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಕಾರ್ಖಾನೆಗಳಿಗೆ ಬೆಂಗಳೂರಿನ ದಕ್ಷಿಣದ ಬಡಾವಣೆಗಳಿಂದ ಪ್ರತಿದಿನ ಬಂದುಹೋಗುವವರು ಬಹಳ ಮಂದಿ. ದಾರಿಯ ಮೊದಲ ಭಾಗ ನಗರದ ಸಂದಣಿ. ಕಗ್ಗಲೀಪುರ ದಾಟಿದ ಮೇಲೆ ಬಯಲು, ಗುಡ್ಡ, ಇಳಿಜಾರು. ಇನ್ನೊಂದು ವಿಶೇಷವೆಂದರೆ, ಇಂಥ ಗಾಡಿಗಳ ತವರುಮನೆಯೂ ದೂರವಿಲ್ಲ. ಹಾರೋಹಳ್ಳಿಯಿಂದ ವಾಯವ್ಯ ದಿಕ್ಕಿಗೆ ಸುಮಾರು ಇಪ್ಪತ್ತು ಕಿಲೋಮೀಟರು ಸಾಗಿದರೆ ಬಿಡದಿ. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಕಾರ್ಖಾನೆ ಇರುವುದು ಅಲ್ಲಿಯೇ. 1999ರ ಕೊನೆಯಲ್ಲಿ ಕ್ವಾಲಿಸ್ ಗಾಡಿಯಿಂದ ಕೆಲಸ ಆರಂಭಿಸಿದ ಆ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಯಿತು. 2022ರ ಕೊನೆಗೆ ಇನ್ನೋವಾ ಹೈಕ್ರಾಸ್ ಬಂದಿತು. ಅದೇ ಮನೆತನದ ವೈಭವದ ಶಾಖೆಯಾದ ಲೆಕ್ಸಸ್ ಭಾರತಕ್ಕೆ ಬಂದದ್ದು 2017ರಲ್ಲಿ. ಹೈಬ್ರಿಡ್ ಯಂತ್ರವನ್ನು ವೈಭವದ ಎಸ್‌ಯುವಿಗೆ ಜಗತ್ತಿನಲ್ಲಿ ಮೊದಲು ಅಳವಡಿಸಿದ ಕೀರ್ತಿಯೂ ಈ ಲೆಕ್ಸಸ್ಸಿನದೇ. 2005ರಲ್ಲಿ ಮಾರುಕಟ್ಟೆಗೆ ಬಂದ ಆ ಗಾಡಿಯ ಹೆಸರು ಆರ್‌ಎಕ್ಸ್ 400ಎಚ್.

ಜೋಡೆತ್ತಿನ ಗಾಡಿ

ಹೈಬ್ರಿಡ್ ಗಾಡಿಯನ್ನು ಸಮಬಲವಿಲ್ಲದ ಜೋಡೆತ್ತುಗಳು ಎಳೆಯುವ ಬಂಡಿಗೆ ಹೋಲಿಸಬಹುದು. ಒಂದು ಎತ್ತು ಪೆಟ್ರೋಲ್ ಎಂಜಿನ್ನು. ಮತ್ತೊಂದು ವಿದ್ಯುತ್ ಮೋಟಾರು. ಎಂಜಿನ್ನಿಗೆ ಒಂದೇ ಹದದಲ್ಲಿ ದುಡಿಯುವುದು ಇಷ್ಟ. ನಿಂತು ಹೊರಡುವುದು, ಹೊರಟು ನಿಲ್ಲುವುದು ಅದಕ್ಕೆ ಒಗ್ಗುವುದಿಲ್ಲ. ಮೋಟಾರಿಗಾದರೋ ನಿಂತಲ್ಲಿಂದ ಎಳೆಯುವುದೇ ಸುಲಭ. ಆದ್ದರಿಂದ ಸಂದಣಿಯಲ್ಲಿ ತೆವಳುವಾಗ ಮೋಟಾರೂ, ಬಯಲು ರಸ್ತೆಯಲ್ಲಿ ಓಡುವಾಗ ಎಂಜಿನ್ನೂ, ಏರಿನಲ್ಲಿ ಎರಡೂ ಕೂಡಿ ಕೆಲಸ ಮಾಡುತ್ತವೆ. ಇಂಥ ಜೋಡಿಗೆಂದೇ ತಯಾರಾದ ಟೊಯೋಟಾದ 2.5 ಲೀಟರಿನ ಎಂಜಿನ್ನು, ಎಲ್ಲವೂ ಅನುಕೂಲವಾಗಿದ್ದಾಗ, ಪೆಟ್ರೋಲಿನ ಶಾಖದಲ್ಲಿ ನೂರಕ್ಕೆ 41ರಷ್ಟನ್ನು ಚಲನೆಯಾಗಿ ಮಾರ್ಪಡಿಸಬಲ್ಲದು.

ಉಳಿತಾಯದ ಮುಖ್ಯ ಗುಟ್ಟು ಇರುವುದು ಬ್ರೇಕಿನಲ್ಲಿ. ಎರಡು ಟನ್ನಿನ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಅದರ ಒಡಲಲ್ಲಿ ಸುಮಾರು 278 ಕಿಲೋಜೂಲ್ ಚಲನಶಕ್ತಿ ಸಂಚಯವಾಗಿರುತ್ತದೆ. ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆಂದು ಹಿಡಿದರೆ, ಅಷ್ಟು ಶಕ್ತಿಗೆ ತಗಲುವ ಪೆಟ್ರೋಲು ಸುಮಾರು 25 ಮಿಲಿಲೀಟರು. ರಸ್ತೆಯ ಉಬ್ಬಿಗೋ ಕೆಂಪು ದೀಪಕ್ಕೋ ಗಾಡಿ ನಿಂತಾಗ, ಸಾಮಾನ್ಯ ಗಾಡಿಯಲ್ಲಿ ಈ ಶಕ್ತಿಯೆಲ್ಲವೂ ಬ್ರೇಕಿನಲ್ಲಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೀಗೆ ನಲವತ್ತು ಸಲ ನಿಂತರೆ ಒಂದು ಲೀಟರು ಪೆಟ್ರೋಲು ಬೀದಿಪಾಲಾಯಿತೆಂದೇ ತಿಳಿಯಬೇಕು. ಹೈಬ್ರಿಡ್ ಗಾಡಿಯಲ್ಲಿ ನಿಧಾನಿಸುವ ಹೊತ್ತಿಗೆ ಮೋಟಾರು ಜನರೇಟರಾಗಿ ತಿರುಗಿ, ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಮರಳಿ ಹೊರಡುವಾಗ ಅದೇ ವಿದ್ಯುತ್ತು ಕೆಲಸಕ್ಕೆ ಬರುತ್ತದೆ.

ಈ ಕಾರಣದಿಂದಲೇ ಹೈಬ್ರಿಡ್ ಗಾಡಿಯ ನಡೆ ಸಾಮಾನ್ಯ ಗಾಡಿಗೆ ವಿಲೋಮವಾಗಿದೆ. ಸಾಮಾನ್ಯ ಗಾಡಿ ಹೆದ್ದಾರಿಯಲ್ಲಿ ಮಿತವ್ಯಯಿ, ನಗರದಲ್ಲಿ ದುಂದುಗಾರ. ಹೈಬ್ರಿಡ್ ಗಾಡಿ ನಗರದಲ್ಲಿಯೇ ಹೆಚ್ಚು ಮಿತವ್ಯಯಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿರುವ ಅಂಕಿಗಳನ್ನು ಕಿಲೋಮೀಟರಿಗೆ ಪರಿವರ್ತಿಸಿದರೆ, 2022ರ ಲೆಕ್ಸಸ್ ಎನ್‌ಎಕ್ಸ್ 350ಎಚ್ ಲೀಟರಿಗೆ ನಗರದಲ್ಲಿ 17.4, ಹೆದ್ದಾರಿಯಲ್ಲಿ 15.7 ಕಿಲೋಮೀಟರು ಕೊಡುತ್ತದೆ. ಅದಕ್ಕಿಂತ ದೊಡ್ಡದಾದ 2023ರ ಆರ್‌ಎಕ್ಸ್ 350ಎಚ್ ಕೊಡುವುದು ಕ್ರಮವಾಗಿ 15.7 ಮತ್ತು 14.5.

ಪರೀಕ್ಷಾಲಯವೂ ಬೀದಿಯೂ

ಹಾಗಾದರೆ ಭಾರತದ ಜಾಹೀರಾತುಗಳಲ್ಲಿ ಕಾಣುವ 23, 25, 28 ಎಂಬ ಅಂಕಿಗಳು ಎಲ್ಲಿಂದ ಬಂದವು? ಇನ್ನೋವಾ ಹೈಕ್ರಾಸ್ ಹೈಬ್ರಿಡ್ಡಿಗೆ ಘೋಷಿತವಾದ ಮೈಲೇಜು ಲೀಟರಿಗೆ 23.24 ಕಿಲೋಮೀಟರು, ಅರ್ಬನ್ ಕ್ರೂಸರ್ ಹೈರೈಡರ್ ಹೈಬ್ರಿಡ್ಡಿಗೆ 27.97. ಇವು ಸುಳ್ಳು ಅಂಕಿಗಳಲ್ಲ. ಆದರೆ ಇವು ಹುಟ್ಟಿದ್ದು ರಸ್ತೆಯಲ್ಲಲ್ಲ, ಪರೀಕ್ಷಾಲಯದಲ್ಲಿ. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, 1,180 ಸೆಕೆಂಡುಗಳ, ಎಂದರೆ ಇಪ್ಪತ್ತು ನಿಮಿಷಕ್ಕೂ ತುಸು ಕಡಿಮೆಯಾದ, ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸಲಾಗುತ್ತದೆ. ವೇಗ ಗಂಟೆಗೆ 90 ಕಿಲೋಮೀಟರನ್ನು ಮೀರುವುದಿಲ್ಲ. ಅಲ್ಲಿ ಎದುರುಗಾಳಿಯಿಲ್ಲ, ಗುಂಡಿಯಿಲ್ಲ, ಅಡ್ಡ ಬರುವ ದನವಿಲ್ಲ, ಹಿಂದಿನ ಆಸನದಲ್ಲಿ ಕುಳಿತು ಎ.ಸಿ. ಜೋರು ಮಾಡೆನ್ನುವ ಮಕ್ಕಳಿಲ್ಲ.

ಅಳತೆಗೋಲು ಬದಲಾದರೆ ಅಂಕಿಯೂ ಬದಲಾಗುತ್ತದೆ. ಇದಕ್ಕೆ ಹಳೆಯದೊಂದು ನಿದರ್ಶನವಿದೆ. 2004ರ ಟೊಯೋಟಾ ಪ್ರಿಯಸ್ಸಿಗೆ ಅಮೆರಿಕದ ಸಂಸ್ಥೆ ಮೊದಲು ಕೊಟ್ಟ ಅಂಕಿ ಗ್ಯಾಲನ್ನಿಗೆ 55 ಮೈಲಿ. ಕೊಂಡವರಲ್ಲಿ ಅನೇಕರಿಗೆ ಅಷ್ಟು ದಕ್ಕಲಿಲ್ಲ. 2008ರ ಮಾದರಿಗಳಿಂದ ಹೆಚ್ಚಿನ ವೇಗ, ಚಳಿ, ಎ.ಸಿ. ಬಳಕೆ ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಸ ಕ್ರಮ ಜಾರಿಗೆ ಬಂದಾಗ, ಅದೇ ಗಾಡಿಯ ಅಂಕಿ 46ಕ್ಕೆ ಇಳಿಯಿತು. ಕಿಲೋಮೀಟರಿನಲ್ಲಿ ಹೇಳುವುದಾದರೆ 23.4 ಇದ್ದದ್ದು 19.6 ಆಯಿತು. ಗಾಡಿಯಲ್ಲಿ ಒಂದು ಮೊಳೆಯೂ ಬದಲಾಗಿರಲಿಲ್ಲ! ಯೂರೋಪಿನಲ್ಲಿಯೂ 2017ರಿಂದ 1,800 ಸೆಕೆಂಡುಗಳ, 23 ಕಿಲೋಮೀಟರಿಗೂ ಮೀರಿದ ಕಠಿಣತರ ಪರೀಕ್ಷೆ ಬಳಕೆಗೆ ಬಂದಿದೆ. 2024ರ ಕೊನೆಯಲ್ಲಿ ಭಾರತಕ್ಕೆ ಬಂದ ಹೊಸ ಕ್ಯಾಮ್ರಿ ಹೈಬ್ರಿಡ್ಡಿಗೆ ಇಲ್ಲಿ ಘೋಷಿತವಾದ ಅಂಕಿ 25.49, ಅದೇ ಪೀಳಿಗೆಯ ಮುಂಚಕ್ರ ಚಾಲನೆಯ ಗಾಡಿಗೆ ಅಮೆರಿಕದ ಕ್ರಮದಲ್ಲಿ ದೊರೆಯುವುದು ಸುಮಾರು 20ರಿಂದ 21.7. ಆದ್ದರಿಂದ ಭಾರತೀಯ ಅಂಕಿಯನ್ನು ಗಾಡಿಗಳನ್ನು ಒಂದಕ್ಕೊಂದು ಹೋಲಿಸುವ ತಕ್ಕಡಿಯಾಗಿ ಬಳಸಬೇಕೇ ವಿನಾ ಮನೆಯ ಆಯವ್ಯಯದಲ್ಲಿ ನೇರವಾಗಿ ಬರೆಯಬಾರದು.

ಇದರ ಜೊತೆಗೆ ಇಂಧನವೂ ಬದಲಾಗಿದೆ. ಇಂದು ಬಂಕುಗಳಲ್ಲಿ ದೊರೆಯುವುದು ನೂರಕ್ಕೆ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೆ. ಹೀಗಾಗಿ ಮಿಶ್ರಣದ ಪ್ರತಿ ಲೀಟರಿನಲ್ಲಿಯೂ ಶಕ್ತಿ ನೂರಕ್ಕೆ ಆರೇಳರಷ್ಟು ಕಡಿಮೆ. ಎಂಜಿನ್ನು ಇದಕ್ಕೆ ಹೊಂದಿಕೊಂಡು ನಷ್ಟದ ಸ್ವಲ್ಪ ಭಾಗವನ್ನು ತುಂಬಿಕೊಡಬಹುದು, ಪೂರ್ತಿಯಾಗಿ ತುಂಬಿಕೊಡಲಾರದು.

ಇಳಿಜಾರಿನ ಉಡುಗೊರೆ

ಹಾರೋಹಳ್ಳಿಯ ದಾರಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಹಾರೋಹಳ್ಳಿಯ ಮೇಲೆ ಹಾದು ತಲಪುವ ಕನಕಪುರ ಸುಮಾರು 640 ಮೀಟರ್ ಎತ್ತರದಲ್ಲಿ. ಕಣ್ಣಿಗೆ ಅಷ್ಟಾಗಿ ತೋರದಿದ್ದರೂ ರಸ್ತೆ 280 ಮೀಟರ್ ಇಳಿಯುತ್ತದೆ. ಎರಡು ಟನ್ನಿನ ಗಾಡಿ ಅಷ್ಟು ಇಳಿದಾಗ ಭೂಮಿ ಅದಕ್ಕೆ ಕೊಡುವ ಶಕ್ತಿ ಸುಮಾರು ಅರ್ಧ ಲೀಟರು ಪೆಟ್ರೋಲಿನ ದುಡಿಮೆಗೆ ಸಮಾನ. ಸಮತಟ್ಟಿನಲ್ಲಿ ಲೀಟರಿಗೆ 16 ಕಿಲೋಮೀಟರು ಕೊಡುವ ಗಾಡಿಗೆ 55 ಕಿಲೋಮೀಟರಿನ ಈ ದಾರಿಯಲ್ಲಿ ಸುಮಾರು ಮೂರೂವರೆ ಲೀಟರು ಬೇಕು. ಇಳಿಯುವಾಗ ಮೂರೇ ಲೀಟರು ಸಾಕಾದರೆ, ಮುಂಭಾಗದ ಫಲಕದಲ್ಲಿ 18ಕ್ಕೂ ಮಿಗಿಲಾದ ಅಂಕಿ ಮೂಡುತ್ತದೆ. ಒಡೆಯನು ಹಿಗ್ಗುತ್ತಾನೆ. ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವಾಗ ನಾಲ್ಕು ಲೀಟರು ವ್ಯಯವಾಗಿ ಅಂಕಿ 14ಕ್ಕೆ ಇಳಿದರೆ, ಗಾಡಿಗೇನೋ ಕೇಡಾಯಿತೆಂದು ಕಳವಳಪಡುತ್ತಾನೆ. ಕೇಡೇನೂ ಆಗಿಲ್ಲ. ಬೆಳಿಗ್ಗೆ ಭೂಮಿ ಕೊಟ್ಟ ಉಡುಗೊರೆಯನ್ನು ಸಂಜೆ ಹಿಂದಕ್ಕೆ ಕೇಳಿದೆ, ಅಷ್ಟೆ. ಒಮ್ಮುಖ ಪ್ರಯಾಣದ ಮೈಲೇಜನ್ನು ನೆಂಟರಿಷ್ಟರಲ್ಲಿ ಹೇಳಿಕೊಳ್ಳುವವರು ಈ ಮಾತನ್ನು ನೆನಪಿಡಬೇಕು.

ಹೆದ್ದಾರಿಯ ಕಥೆ ಬೇರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಷಟ್ಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಅಲ್ಲಿ ಬ್ರೇಕು ಒತ್ತುವ ಪ್ರಸಂಗ ವಿರಳ. ಆದ್ದರಿಂದ ಬ್ಯಾಟರಿಗೆ ಹಿಂದಿರುಗುವ ಶಕ್ತಿಯೂ ಅಲ್ಪ. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿರುವ ತಡೆ 120ಕ್ಕೆ ಏರಿದಾಗ ಎರಡೂಕಾಲು ಪಟ್ಟಾಗುತ್ತದೆ. ಎತ್ತರದ, ಅಗಲ ಮುಖದ ಎಸ್‌ಯುವಿಗೆ ಈ ದಂಡ ಇನ್ನೂ ಭಾರ. ಹೈಬ್ರಿಡ್ಡಿನ ಮಿತವ್ಯಯವನ್ನು ಅನುಭವಿಸಬೇಕಾದರೆ ಕಾಲಿನ ಸಂಯಮವೂ ಬೇಕು.

ಮನೆಯ ಲೆಕ್ಕ

ಈಗ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಮನೆಯ ಯಜಮಾನರು ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಿಂದ ಹಾರೋಹಳ್ಳಿಯ ಕಾರ್ಖಾನೆಗೆ ದಿನಕ್ಕೆ 60 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಾಡುತ್ತಾರೆ. ಒಟ್ಟು 1,500 ಕಿಲೋಮೀಟರು. ಲೆಕ್ಕಕ್ಕೆ ಸುಲಭವಾಗಲೆಂದು ಪೆಟ್ರೋಲಿನ ಬೆಲೆಯನ್ನು ಲೀಟರಿಗೆ 100 ರೂಪಾಯಿಯೆಂದು ಹಿಡಿಯೋಣ. ಜಾಹೀರಾತಿನ 23ನ್ನು ನಂಬಿದರೆ ತಿಂಗಳಿಗೆ ಸುಮಾರು 6,500 ರೂಪಾಯಿ ಸಾಕು. ರಸ್ತೆಯಲ್ಲಿ ದೊರೆತದ್ದು 15 ಆದರೆ ಬೇಕಾಗುವುದು 10,000. ನಂಬಿಕೆಗೂ ನಿಜಕ್ಕೂ ನಡುವೆ 3,500 ರೂಪಾಯಿಗಳ ಕಂದಕ!

ಆದರೂ ಹೈಬ್ರಿಡ್ಡನ್ನು ಹಳಿಯುವುದು ನ್ಯಾಯವಲ್ಲ. ಅಷ್ಟೇ ಗಾತ್ರದ ಸಾಮಾನ್ಯ ಪೆಟ್ರೋಲ್ ಗಾಡಿ ಅದೇ ದಾರಿಯಲ್ಲಿ ಲೀಟರಿಗೆ 10 ಕಿಲೋಮೀಟರು ಕೊಟ್ಟರೆ ಖರ್ಚು 15,000. ಹೈಬ್ರಿಡ್ಡಿನಿಂದ ತಿಂಗಳಿಗೆ 5,000, ವರ್ಷಕ್ಕೆ 60,000 ರೂಪಾಯಿ ಉಳಿಯಿತು. ಹೈಬ್ರಿಡ್ಡಿಗೆಂದು ಐದು ಲಕ್ಷ ರೂಪಾಯಿ ಹೆಚ್ಚಿಗೆ ತೆತ್ತಿದ್ದರೆ, ಆ ಹಣ ಹಿಂದಿರುಗಲು ಎಂಟು ವರ್ಷ ನಾಲ್ಕು ತಿಂಗಳು ಬೇಕು. ತಿಂಗಳಿಗೆ 500 ಕಿಲೋಮೀಟರು ಮಾತ್ರ ಓಡಿಸುವ ಮನೆಯಲ್ಲಿ ಅದೇ ಹಣ ಹಿಂದಿರುಗುವುದು ಇಪ್ಪತ್ತೈದು ವರ್ಷಕ್ಕೆ. ಅಷ್ಟರಲ್ಲಿ ಮೊಮ್ಮಕ್ಕಳು ಗಾಡಿ ಕಲಿಯುವ ವಯಸ್ಸಿಗೆ ಬಂದಿರುತ್ತಾರೆ. ತೆರಿಗೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ದರದಂತೆ ದೊಡ್ಡ ಹೈಬ್ರಿಡ್ ಗಾಡಿಗಳ ಮೇಲೆ ನೂರಕ್ಕೆ 40, ಪೂರ್ತಿ ವಿದ್ಯುತ್ತಿನಿಂದಲೇ ಓಡುವ ಗಾಡಿಗಳ ಮೇಲೆ ನೂರಕ್ಕೆ 5.

ಕೊಂಡವರು ತಮ್ಮ ಗಾಡಿಯ ನಿಜವಾದ ಮೈಲೇಜನ್ನು ತಾವೇ ಅಳೆಯುವುದು ಕಷ್ಟವಲ್ಲ. ಒಂದೇ ಬಂಕಿನ ಒಂದೇ ಪಂಪಿನಲ್ಲಿ, ಕೊಳವೆ ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ ಕಿಲೋಮೀಟರನ್ನು ಬರೆದಿಡಬೇಕು. ಮುಂದಿನ ಸಲ ತುಂಬಿಸಿದಾಗ ಹಿಡಿದ ಲೀಟರುಗಳಿಂದ, ನಡುವೆ ಓಡಿದ ಕಿಲೋಮೀಟರನ್ನು ಭಾಗಿಸಬೇಕು. ಹೀಗೆ ನಾಲ್ಕೈದು ಟ್ಯಾಂಕುಗಳ ಲೆಕ್ಕ ಕೂಡಿದರೆ ಏರು–ಇಳಿತ, ಮಳೆ–ಬಿಸಿಲು, ಸಂದಣಿ–ಬಯಲು ಎಲ್ಲವೂ ಸರಿತೂಗಿ ನಿಜ ಹೊರಬೀಳುತ್ತದೆ. ಫಲಕದಲ್ಲಿ ಮಿನುಗುವ ಅಂಕಿಗಿಂತ ಕೈಬರಹದ ಈ ಪುಸ್ತಕ ಹೆಚ್ಚು ಪ್ರಾಮಾಣಿಕ. ಟೈರಿನ ಗಾಳಿ ಸರಿಯಾಗಿರುವುದು, ದೂರದಿಂದಲೇ ಮೆಲ್ಲಗೆ ಬ್ರೇಕು ಒತ್ತುವುದು, ಬೇಡದ ಹೊರೆಯನ್ನು ಇಳಿಸುವುದು – ಇವು ಖರ್ಚಿಲ್ಲದ ಉಳಿತಾಯಗಳು. ಥಟ್ಟನೆ ಬಲವಾಗಿ ಒತ್ತಿದ ಬ್ರೇಕಿನಿಂದ ಬ್ಯಾಟರಿಗೆ ಸೇರುವ ಪಾಲು ಕಡಿಮೆಯೆಂಬುದನ್ನು ಮರೆಯಬಾರದು.

ಕೋಟಿಯ ಹತ್ತಿರದ ಬೆಲೆ ತೆತ್ತು ಗಾಡಿ ಕೊಳ್ಳಬಲ್ಲವರಿಗೆ ಲೀಟರಿನ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಪೆಟ್ರೋಲಿನ ಬೆಲೆಯನ್ನು ಕೊಂಡವರು ತೆರುತ್ತಾರೆ; ಹೊಗೆಯನ್ನು ರಸ್ತೆಯ ಪಕ್ಕದಲ್ಲಿ ನಿಂತವರೂ ಕುಡಿಯುತ್ತಾರೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ವಾಯುಮಂಡಲವನ್ನು ಸೇರುತ್ತದೆ. ಮೇಲಿನ ಸಂಸಾರ ವರ್ಷಕ್ಕೆ ಉಳಿಸಿದ 600 ಲೀಟರು, ಈ ಲೆಕ್ಕದಲ್ಲಿ, ಸುಮಾರು 1,380 ಕಿಲೋಗ್ರಾಮನ್ನು ತಡೆದಂತಾಯಿತು. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದಲೇ ಬರುತ್ತಿರುವಾಗ, ಉಳಿದ ಪ್ರತಿ ಲೀಟರೂ ದೇಶದ ಬೊಕ್ಕಸಕ್ಕೆ ಸಂದ ಸೇವೆಯೇ ಸರಿ. ಹೈಬ್ರಿಡ್ ಎಸ್‌ಯುವಿ ಪವಾಡದ ಗಾಡಿಯಲ್ಲ. ಭಾರವಾದ ಗಾಡಿಯ ಹಸಿವನ್ನು ಮೂರನೆಯ ಒಂದು ಪಾಲಿನಷ್ಟು ತಗ್ಗಿಸಬಲ್ಲ ಜಾಣ ಯಂತ್ರ. ಅದಕ್ಕಿಂತ ಹಗುರವಾದ ಗಾಡಿ ಇನ್ನೂ ಕಡಿಮೆ ಕುಡಿಯುತ್ತದೆ. ಕನಕಪುರ ರಸ್ತೆಯಲ್ಲಿ ಓಡುವ ಬಸ್ಸು, ತಲೆಯೆಣಿಕೆಯಲ್ಲಿ, ಎಲ್ಲಕ್ಕಿಂತಲೂ ಕಡಿಮೆ. ಆಯ್ಕೆ ಕೊಳ್ಳುವವರಿಗೆ ಬಿಟ್ಟದ್ದು. ಲೆಕ್ಕದ ಪುಸ್ತಕವನ್ನು ಮಾತ್ರ ಕೊಳ್ಳುವ ಮೊದಲೇ ತೆರೆಯುವುದು ಲೇಸು.