ಬಿಸಿ ಆರಲಿ ಎಂದು ಎಷ್ಟು ಹೊತ್ತು ಕಾಯಬೇಕು?

ರಾತ್ರಿ ಊಟ ಮುಗಿದ ಮೇಲೆ ಉಳಿದ ಅನ್ನವನ್ನು ಮುಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಡುವುದು, ಪೂರ್ತಿ ತಣ್ಣಗಾದ ಮೇಲಷ್ಟೇ ಫ್ರಿಜ್ಜಿಗೆ ಸೇರಿಸುವುದು ನಮ್ಮ ಬಹಳಷ್ಟು ಮನೆಗಳ ರೂಢಿ. ಬಿಸಿ ಪಾತ್ರೆ ಇಟ್ಟರೆ ಫ್ರಿಜ್ ಕೆಡುತ್ತದೆ ಎಂಬ ಮಾತು ಇದರ ಹಿಂದಿದೆ. ಫ್ರಿಜ್ಜಿನ ಬಗ್ಗೆ ತೋರುವ ಈ ಕಾಳಜಿ ಅನ್ನದ ಪಾಲಿಗೆ ಅಪಾಯಕಾರಿ. ಫ್ರಿಜ್ ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ, ಅವು ಬೆಳೆಯುವ ವೇಗವನ್ನು ತಗ್ಗಿಸುತ್ತದೆ ಅಷ್ಟೆ. ಒಳಗೆ ಹೋಗುವ ಹೊತ್ತಿಗೆ ಆಹಾರದಲ್ಲಿ ಏನು ಬೆಳೆದಿತ್ತೋ, ಯಾವ ವಿಷ ಸೇರಿತ್ತೋ, ಅದು ಹಾಗೇ ಉಳಿಯುತ್ತದೆ. ಆದ್ದರಿಂದ ಆಹಾರ ಎಷ್ಟು ದಿನ ಫ್ರಿಜ್ಜಿನಲ್ಲಿತ್ತು ಎಂದು ಕೇಳುವ ಮೊದಲು, ಒಳಗೆ ಹೋಗುವ ಮುಂಚೆ ಎಷ್ಟು ಗಂಟೆ ಹೊರಗಿತ್ತು ಎಂದು ಕೇಳಬೇಕು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯನ್ನು ಅಪಾಯದ ವಲಯವೆಂದು ಗುರುತಿಸಿದೆ. ಒಲೆಯಿಂದ ಇಳಿದ ಅನ್ನ ಈ ವಲಯವನ್ನು ದಾಟಿಯೇ ತಣ್ಣಗಾಗಬೇಕು, ಬೇರೆ ದಾರಿಯಿಲ್ಲ. ಎಷ್ಟು ಬೇಗ ದಾಟುತ್ತದೆ ಎಂಬುದರಲ್ಲೇ ಎಲ್ಲ ಇದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವಂಥದ್ದು, ಅಲ್ಲಿಂದ ಅಕ್ಕಿಗೂ ಬರುತ್ತದೆ. ಅದರ ಗಟ್ಟಿ ಕವಚದ ಬೀಜಾಣುಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯಬಲ್ಲವು. ಅನ್ನ ಉಗುರುಬೆಚ್ಚಗಾಗುತ್ತಿದ್ದಂತೆ ಅವು ಮೊಳೆತು, ಪೈಪೋಟಿಗೆ ಬೇರೆ ಜೀವಿಗಳೇ ಇಲ್ಲದ ಆ ಪಾತ್ರೆಯಲ್ಲಿ ವೃದ್ಧಿಯಾಗುತ್ತವೆ. ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದರೂ ಎಂಟು ಗಂಟೆಯಲ್ಲಿ ಒಂದು ಕೋಶ 65,536 ಆಗುತ್ತದೆ. ಮಾಂಸದ ಸಾರಿನಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇನ್ನೂ ಚುರುಕು. ಅದಕ್ಕೆ 43ರಿಂದ 47 ಡಿಗ್ರಿಯೇ ಹಿತ, ಅಂದರೆ ದೊಡ್ಡ ಪಾತ್ರೆಯ ಸಾರು ಆರುವಾಗ ಬಹಳ ಹೊತ್ತು ನಿಲ್ಲುವ ಉಷ್ಣತೆಯೇ.

ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿದರಾಯಿತಲ್ಲ ಎಂದು ಕೇಳಬಹುದು. ಬಿಸಿ ಮಾಡಿದರೆ ಬೆಳೆದ ಬ್ಯಾಕ್ಟೀರಿಯಾಗಳು ಸಾಯುತ್ತವೆ, ನಿಜ. ಆದರೆ ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬಿಟ್ಟುಹೋಗುವ ಸೆರ್ಯುಲೈಡ್ ಎಂಬ ವಾಂತಿ ತರಿಸುವ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗುವುದಿಲ್ಲ. ಪ್ರೆಶರ್ ಕುಕ್ಕರಿನ ಒಳಗೂ ಹೆಚ್ಚೆಂದರೆ ಅಷ್ಟೇ ಬಿಸಿ ಇರುವುದು. ಒಗ್ಗರಣೆ ಹಾಕಿ ಕಲಸುವ ಬಾಣಲೆಯಿಂದ ಏನಾದೀತು? ವಾಸನೆ ಬಂದಿಲ್ಲ, ಅಂಟಾಗಿಲ್ಲ ಎಂಬ ಪರೀಕ್ಷೆಯನ್ನೂ ನಂಬುವಂತಿಲ್ಲ. ಹಳಸಿದ ವಾಸನೆ ತರುವ ಜೀವಿಗಳೇ ಬೇರೆ, ಕಾಯಿಲೆ ತರುವವೇ ಬೇರೆ. ಎರಡನೆಯವು ರುಚಿಯನ್ನಾಗಲಿ ಬಣ್ಣವನ್ನಾಗಲಿ ಕೆಡಿಸದೆಯೇ ಬೆಳೆಯಬಲ್ಲವು.

ಇನ್ನು ಕರೆಂಟು ಬಿಲ್ಲಿನ ಆತಂಕ. ಒಂದು ಕಿಲೋ ಅನ್ನವನ್ನು 60 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಹೊರತೆಗೆಯಬೇಕಾದ ಶಾಖ ಸುಮಾರು 190 ಕಿಲೋಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 3,600 ಕಿಲೋಜೂಲ್. ಕಂಪ್ರೆಸರ್ ತಾನು ಬಳಸುವ ವಿದ್ಯುತ್ತಿಗಿಂತ ಹೆಚ್ಚು ಶಾಖವನ್ನು ಹೊರಗೆ ಸಾಗಿಸುವ ಯಂತ್ರವಾದ್ದರಿಂದ ಖರ್ಚು ಯೂನಿಟ್ಟಿನ ಇಪ್ಪತ್ತನೇ ಒಂದು ಭಾಗಕ್ಕೂ ಕಡಿಮೆ. ಅದು ಕೆಲವು ಪೈಸೆಗಳ ಮಾತು. ಈ ಆಕ್ಷೇಪದಲ್ಲಿ ನಿಜವಾದ ಒಂದು ಅಂಶವೂ ಇದೆ: ಹೊಗೆಯಾಡುವ ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಪಕ್ಕದ ಹಾಲು ಬೆಚ್ಚಗಾಗುತ್ತದೆ, ಪಾತ್ರೆಯ ನಡುಭಾಗವೂ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಇದಕ್ಕೆ ಪರಿಹಾರ ಕಟ್ಟೆಯ ಮೇಲೆ ಕಾಯುವುದಲ್ಲ, ಹರಡುವುದು. ಗಟ್ಟಿ ಆಹಾರ ತಣಿಯಲು ಬೇಕಾದ ಸಮಯ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಅನ್ನದ ರಾಶಿಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ತಣಿಯುವ ಸಮಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿದ ಅನ್ನ ಫ್ಯಾನಿನ ಗಾಳಿಗೆ ಬೇಗನೆ ಹಬೆ ಬಿಡುತ್ತದೆ. ಸಾರು, ಹುಳಿಗಳ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಸೌಟಿನಿಂದ ಕಲಕುತ್ತಿದ್ದರೆ ಸಾಕು. ಬಳಿಕ ಚಿಕ್ಕ ಡಬ್ಬಿಗಳಿಗೆ ತುಂಬಿ ಒಳಗಿಡಿ. ಉಗುರುಬೆಚ್ಚಗಿದ್ದರೂ ಅಡ್ಡಿಯಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ಹಿರಿಯರದು. ತಂಗಳನ್ನ ಉಂಡೇ ತಲೆಮಾರುಗಳು ಬದುಕಲಿಲ್ಲವೇ? ಆದರೆ ನೀರು ಮಜ್ಜಿಗೆ ಬೆರೆಸಿ ಇಟ್ಟ ತಂಗಳು ಹುದುಗಿದ ಆಹಾರ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಮಾಡುತ್ತವೆ, ಆ ಹುಳಿಯಲ್ಲಿ ಬ್ಯಾಸಿಲಸ್ ಸೀರಿಯಸ್‌ಗೆ ಬೆಳೆಯುವುದು ಕಷ್ಟ. ಪುಳಿಯೋಗರೆಯನ್ನು ಕಾಯುವುದು ಹುಣಸೆ, ಉಪ್ಪಿನಕಾಯಿಯನ್ನು ಕಾಯುವುದು ಉಪ್ಪು ಮತ್ತು ಹುಳಿ. ಕುಕ್ಕರಿನಲ್ಲಿ ಹಾಗೇ ಬಿಟ್ಟ ಬಿಳಿ ಅನ್ನಕ್ಕೆ ಇವುಗಳಲ್ಲಿ ಯಾವ ರಕ್ಷಣೆಯೂ ಇಲ್ಲ. ಹಿರಿಯರ ಜಾಣತನದಲ್ಲಿ ಅರ್ಧವನ್ನಷ್ಟೇ ಉಳಿಸಿಕೊಂಡು ಅವರ ಹೆಸರು ಹೇಳುವುದು ಸರಿಯಲ್ಲ.

ಬೇಗ ಒಳಗಿಟ್ಟರೆ ಸಾಲದು, ಒಳಗೆ ನಿಜಕ್ಕೂ ತಂಪಿರಬೇಕು: 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರಿನಲ್ಲಿ ಮೈನಸ್ 18. ಫ್ರಿಜ್ಜಿನ ಗುಂಡಿಯ ಮೇಲಿನ ಅಂಕಿಗಳು ಡಿಗ್ರಿಗಳಲ್ಲ, ತಂಪಿನ ಪ್ರಮಾಣ ಮಾತ್ರ. ಅಂಕಿ ಹೆಚ್ಚಿದಷ್ಟೂ ಸಾಮಾನ್ಯವಾಗಿ ತಂಪು ಹೆಚ್ಚು. ಒಳಗಿನ ಉಷ್ಣತೆ ತಿಳಿಯಲು ಚಿಕ್ಕದೊಂದು ಥರ್ಮಾಮೀಟರನ್ನು ನೀರಿನ ಲೋಟದಲ್ಲಿಟ್ಟು ನಡುವಿನ ಶೆಲ್ಫಿನಲ್ಲಿ ರಾತ್ರಿಯಿಡೀ ಬಿಡಿ. ಬೇಸಿಗೆಗೂ ಮಳೆಗಾಲಕ್ಕೂ ಮತ್ತೆ ನೋಡಿ. ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ, ಒಲೆಯ ಪಕ್ಕ ಇಟ್ಟರೆ, ಒಳಗಿನ ಶಾಖ ಹೊರಹೋಗುವುದು ಕಷ್ಟವಾಗುತ್ತದೆ. ಬಾಗಿಲಿನ ರಬ್ಬರಿಗೆ ಸಿಕ್ಕಿಸಿದ ಕಾಗದ ಸಲೀಸಾಗಿ ಜಾರಿ ಬಂದರೆ ತಂಪು ಅಲ್ಲಿಂದಲೇ ಸೋರುತ್ತಿದೆ ಎಂದರ್ಥ. ಬಾಗಿಲಿನ ಶೆಲ್ಫುಗಳು ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಆದ್ದರಿಂದ ಹಾಲು ಒಳಗಿರಲಿ, ಉಪ್ಪಿನಕಾಯಿ ಬಾಗಿಲಿನಲ್ಲಿರಲಿ. ಹಸಿ ಮೀನು, ಮಾಂಸ ಮುಚ್ಚಿದ ಡಬ್ಬಿಯಲ್ಲಿ ಕೆಳಗಿರಬೇಕು, ಅದರ ನೀರು ಬೇರೆ ಆಹಾರದ ಮೇಲೆ ತೊಟ್ಟಿಕ್ಕಬಾರದು. ಗಾಳಿ ಓಡಾಡಲು ಎಡೆ ಇಲ್ಲದಂತೆ ತುರುಕಿದ ಫ್ರಿಜ್ ಎಷ್ಟು ಹೊತ್ತು ಓಡಿದರೂ ತಂಪಾಗುವುದಿಲ್ಲ.

ಇಷ್ಟಾದರೂ ಫ್ರಿಜ್ಜಿಗೆ ಮಿತಿಯಿದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಗರ್ಭಿಣಿಯರಿಗೆ ಅದು ವಿಶೇಷವಾಗಿ ಅಪಾಯಕಾರಿ. ಅನ್ನವನ್ನು ಮರುದಿನವೇ ಮುಗಿಸುವುದು, ಉಳಿದ ಅಡುಗೆಯನ್ನು ಮೂರ್ನಾಲ್ಕು ದಿನ ದಾಟಿಸದಿರುವುದು ಒಳ್ಳೆಯದು. ಹೊರಗಿಡುವ ಅವಧಿಗೆ ಅಮೆರಿಕದ ಕೃಷಿ ಇಲಾಖೆ ಎರಡು ಗಂಟೆಯ ಮಿತಿ ಹೇಳುತ್ತದೆ, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಆ ಒಂದು ಗಂಟೆಯ ಲೆಕ್ಕವನ್ನೇ ಹಿಡಿಯಬೇಕು. ಇಂದು ರಾತ್ರಿ ಅನ್ನ ಉಳಿದರೆ, ಪಾತ್ರೆ ತೊಳೆಯಲು ಕೂರುವ ಮೊದಲೇ ಅದನ್ನು ಅಗಲವಾದ ತಟ್ಟೆಗೆ ಹರಡಿ.